49 ಸೆಂಟಿನ ಸಮಾಧಾನ



ಮುಂಬಯಿಯ ಫ್ಲೋರಾ ಫೌಂಟನ್ ಫುಟ್‌ಪಾತ್ ಇರಲಿ, ಚೆನ್ನೈನ ಹಿಗಿನ್‌ಬಾಥಮ್ಸ್ ಇರಲಿ, ಹೈದರಾಬಾದಿನ ಅಬಿಡ್ಸ್‌ನಲ್ಲಿ ಭಾನುವಾರ ಹರಡುವ ಹಳೆ ಪುಸ್ತಕಗಳ ಸಾಲಿರಲಿ, ಈಚಿನ ವರ್ಷಗಳಲ್ಲಿ ನೀವು ಅತ್ತ ಹೋಗಿದ್ದರೆ ಒಂದು ಸಂಗತಿ ಕಣ್ಣಿಗೆ ಬಿದ್ದಿರಬೇಕು. ತಿಳಿ ನೀಲಿ ಅಥವಾ ತಿಳಿ ಗುಲಾಬಿ ಬಣ್ಣದ ಮುಖಪುಟ. ಅದರ ಮೇಲೊಂದು ಬೆಕ್ಕು. ಬೆಕ್ಕಿನ ಹಿಂದೆ ಕಾಫಿ ಅಂಗಡಿಯೋ, ಪುಸ್ತಕದಂಗಡಿಯೋ, ಪುಟ್ಟ ಹೋಟೆಲೋ. ಲೇಖಕರ ಹೆಸರು ಮಾತ್ರ ಜಪಾನಿನದು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳಿದ್ದರೆ ಅವಳ ಮಂಚದ ಪಕ್ಕದಲ್ಲಿ ಇಂಥ ಒಂದು ಪುಸ್ತಕ ಆಗಲೇ ಬಂದು ಕೂತಿದ್ದರೂ ಆಶ್ಚರ್ಯವಿಲ್ಲ.

ಇವು ಸಮಾಧಾನದ ಕಥೆಗಳು. ಕೊಲೆಯಿಲ್ಲ, ಬೆನ್ನಟ್ಟುವಿಕೆಯಿಲ್ಲ, ಲೋಕ ಮುಳುಗುವ ಭಯವಿಲ್ಲ. ಮನಸ್ಸು ಮುರಿದ ಒಬ್ಬರು ಒಂದು ಸಣ್ಣ ಜಾಗಕ್ಕೆ ಬರುತ್ತಾರೆ. ಅಲ್ಲಿ ಯಾರೋ ಊಟ ಕೊಡುತ್ತಾರೆ, ಯಾರೋ ಮಾತು ಕೇಳಿಸಿಕೊಳ್ಳುತ್ತಾರೆ. ಬಂದವರು ಸ್ವಲ್ಪ ಹಗುರಾಗಿ ಹೊರಗೆ ಹೋಗುತ್ತಾರೆ. ಇಷ್ಟೇ ಕಥೆ! ಆದರೆ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ಅಂಕಿ ಅಂಶ ನೋಡಿ. ಆ ವರ್ಷ ಅಲ್ಲಿ ಅತಿ ಹೆಚ್ಚು ಮಾರಾಟವಾದ 40 ಅನುವಾದಿತ ಕಥಾ ಪುಸ್ತಕಗಳಲ್ಲಿ ಶೇಕಡಾ 43ರಷ್ಟು ಜಪಾನೀ ಭಾಷೆಯವು. ಅವೆಲ್ಲ ಸಮಾಧಾನದ ಕಥೆಗಳಲ್ಲ ಎಂಬುದು ನಿಜ. ಪತ್ತೇದಾರಿಯೂ ಉಂಟು, ಕಟುವಾದ ಕಾದಂಬರಿಯೂ ಉಂಟು. ಆದರೂ ಬೆಕ್ಕು ಮತ್ತು ಕಾಫಿಯ ಪಾಲು ದೊಡ್ಡದೇ.

ದೂರದ ಒಂದು ದೇಶದ ಕಥೆಯಲ್ಲಿ ಪರದೇಶದವರಿಗೆ ಯಾಕೆ ಇಷ್ಟು ಸಮಾಧಾನ? ಇದು ನಿನ್ನೆ ಮೊನ್ನೆಯ ಹುಚ್ಚೇ? ಅಲ್ಲ. ಇದಕ್ಕೆ ನೂರು ವರ್ಷದ ಚರಿತ್ರೆಯಿದೆ. ಅದು ಬರೀ ಪುಸ್ತಕಗಳ ಚರಿತ್ರೆಯೂ ಅಲ್ಲ. ಯುದ್ಧ, ಭೂಕಂಪ, ರೋಗ, ಒಂಟಿತನ ಎಲ್ಲವೂ ಅದರಲ್ಲಿ ಬರುತ್ತವೆ. ಬನ್ನಿ, ಮೊದಲಿಂದ ನೋಡೋಣ.

ಶತ್ರು ದೇಶದ ಪುಸ್ತಕ

ಅದು 1940. ಯುರೋಪಿನಲ್ಲಿ ಹಿಟ್ಲರನ ಸೇನೆ ದೇಶಗಳನ್ನು ಒಂದರ ಮೇಲೊಂದು ನುಂಗುತ್ತಿದ್ದ ಕಾಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ 18ರ ಹುಡುಗ ಡೊನಾಲ್ಡ್ ಕೀನ್‌ಗೆ ಪತ್ರಿಕೆ ಬಿಚ್ಚಲು ಭಯ. ಯುದ್ಧವೆಂದರೆ ಅವನಿಗೆ ಆಗದು. ಒಂದು ದಿನ ಟೈಮ್ಸ್ ಸ್ಕ್ವೇರ್ ಬಳಿ, ಉಳಿದ ಪುಸ್ತಕಗಳನ್ನು ಅಗ್ಗಕ್ಕೆ ಮಾರುವ ಅಂಗಡಿಯಲ್ಲಿ ಅವನ ಕೈಗೆ ಎರಡು ಸಂಪುಟಗಳ ಒಂದು ದಪ್ಪ ಪುಸ್ತಕ ಸಿಕ್ಕಿತು. ಬೆಲೆ 49 ಸೆಂಟ್. ಜಪಾನಿಗೆ ಸಾಹಿತ್ಯ ಉಂಟು ಎಂಬುದೇ ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಇಷ್ಟು ದಪ್ಪ ಪುಸ್ತಕ ಇಷ್ಟು ಕಡಿಮೆಗೆ ಸಿಗುತ್ತಿದೆಯಲ್ಲ ಎಂದು ಕೊಂಡ, ಅಷ್ಟೇ.

ಆ ಪುಸ್ತಕ ‘ಗೆಂಜಿಯ ಕಥೆ’. ಹನ್ನೊಂದನೆಯ ಶತಮಾನದ ಮೊದಲಲ್ಲಿ ಕ್ಯೋಟೋ ಅರಮನೆಯ ಸೇವೆಯಲ್ಲಿದ್ದ ಮುರಸಾಕಿ ಶಿಕಿಬು ಎಂಬ ಹೆಣ್ಣುಮಗಳು ಬರೆದ 54 ಅಧ್ಯಾಯಗಳ ಮಹಾಕಥನ. ಇಂಗ್ಲಿಷಿಗೆ ತಂದವರು ಆರ್ಥರ್ ವೇಲಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕೆಲಸಕ್ಕಿದ್ದಾಗ ತಾವಾಗಿಯೇ ಜಪಾನೀ ಭಾಷೆ ಕಲಿತ ಈತ ಜೀವನದಲ್ಲಿ ಒಮ್ಮೆಯೂ ಜಪಾನಿಗೆ ಹೋದವರಲ್ಲ! ಅವರ ಅನುವಾದ 1925ರಿಂದ 1933ರವರೆಗೆ ಆರು ಸಂಪುಟಗಳಲ್ಲಿ ಬಂತು. ಮೊದಲ ಸಂಪುಟಕ್ಕೆ ವಿಮರ್ಶೆ ಬರೆದವರಲ್ಲಿ ವರ್ಜೀನಿಯಾ ವುಲ್ಫ್ ಕೂಡ ಒಬ್ಬರು. ಮೊದಲ ಮಹಾಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡಿದ್ದ ಇಂಗ್ಲೆಂಡಿನಲ್ಲಿ, ಹೂವು ಉದುರುವುದನ್ನು ನೋಡಿ ಕಣ್ಣೀರಿಡುವ, ಕಾಗದದ ಬಣ್ಣವನ್ನೂ ಆರಿಸಿ ಪತ್ರ ಬರೆಯುವ ಜನರ ಕಥೆ ಇದು.

ಕೀನ್‌ಗೆ ಈ ಲೋಕ ಆಸರೆಯಾಯಿತು. ಗೆಂಜಿಯ ಲೋಕದಲ್ಲಿ ದುಃಖ ಬೇಕಾದಷ್ಟಿದೆ, ಆದರೆ ಯುದ್ಧವಿಲ್ಲ. ದಿನದ ಸುದ್ದಿಯಿಂದ ತಪ್ಪಿಸಿಕೊಳ್ಳಲು ತಾನು ಆ ಪುಸ್ತಕದೊಳಗೆ ಹೋಗುತ್ತಿದ್ದೆ ಎಂದು ಮುಂದೆ ಅವರು ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ಸಮಾಧಾನಕ್ಕಾಗಿ ಜಪಾನಿನ ಕಥೆ ಓದಿದ ಪರದೇಶದ ಓದುಗ ಎಂದರೆ ಇವರನ್ನೇ ಮೊದಲ ಸಾಲಿನಲ್ಲಿ ನಿಲ್ಲಿಸಬೇಕು.

ಮುಂದೇನಾಯಿತು ಗೊತ್ತೇ? 1941ರ ಡಿಸೆಂಬರ್‌ನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿತು. ಪ್ರೀತಿಸಿದ ಪುಸ್ತಕದ ದೇಶವೇ ಶತ್ರುವಾಯಿತು. ಅಮೆರಿಕದ ನೌಕಾಪಡೆ ಶತ್ರುವಿನ ಭಾಷೆ ಕಲಿಸಲು ಶಾಲೆ ತೆರೆದಾಗ ಕೀನ್ ಅಲ್ಲಿ ಸೇರಿದರು. ಹವಾಯಿಯಲ್ಲಿ ಅವರ ಕೆಲಸ, ಯುದ್ಧಭೂಮಿಯಿಂದ ಬಂದ ಕಾಗದಪತ್ರ ಓದುವುದು. ಅಲ್ಲೊಂದು ಪೆಟ್ಟಿಗೆಯಲ್ಲಿ ಕೆಟ್ಟ ವಾಸನೆ ಬರುವ ಪುಟ್ಟ ಪುಸ್ತಕಗಳಿದ್ದವು. ಯಾರೂ ಮುಟ್ಟುತ್ತಿರಲಿಲ್ಲ. ಸತ್ತ ಜಪಾನೀ ಸೈನಿಕರ ದಿನಚರಿಗಳವು, ವಾಸನೆ ರಕ್ತದ್ದು. ಕೀನ್ ಓದಿದರು. ಹಸಿವು, ಮಲೇರಿಯಾ, ಊರಿನ ನೆನಪು ಎಲ್ಲ ಅದರಲ್ಲಿದ್ದವು. ಕೆಲವರು ಕೊನೆಯ ಪುಟದಲ್ಲಿ ಇಂಗ್ಲಿಷಿನಲ್ಲಿ ಒಂದು ಕೋರಿಕೆ ಬರೆದಿದ್ದರು: ಇದು ಸಿಕ್ಕ ಅಮೆರಿಕನ್ ಸೈನಿಕ, ಯುದ್ಧ ಮುಗಿದ ಮೇಲೆ, ದಯವಿಟ್ಟು ನಮ್ಮ ಮನೆಯವರಿಗೆ ತಲುಪಿಸಲಿ ಎಂದು. ಕೀನ್ ಅಂಥ ದಿನಚರಿಗಳನ್ನು ಮೇಜಿನ ಖಾನೆಯಲ್ಲಿ ಬಚ್ಚಿಟ್ಟರು. ಆದರೆ ಮೇಲಿನವರು ಅವನ್ನು ಕಸಿದುಕೊಂಡರು. ತಲುಪಿಸಲು ಆಗಲಿಲ್ಲ ಎಂಬ ಕೊರಗು ಕೊನೆಯವರೆಗೂ ಅವರನ್ನು ಬಿಡಲಿಲ್ಲ.

ನೆಮ್ಮದಿಗೆಂದು ಓದಿದ ಕಥೆ ಹುಡುಗನನ್ನು ಎಲ್ಲಿಗೆ ಕರೆದೊಯ್ಯಿತು ನೋಡಿ! ಶತ್ರುವಿನ ದಿನಚರಿಯಲ್ಲಿ ಮನುಷ್ಯನ ದನಿ ಕೇಳಿಸಿಕೊಳ್ಳುವಲ್ಲಿಗೆ.

ಸೈನ್ಯ ಹೆದರಿದ ಮನೆಕಥೆ

ಇತ್ತ ಅದೇ ವರ್ಷಗಳಲ್ಲಿ ಜಪಾನಿನಲ್ಲಿ ಇನ್ನೊಂದು ಘಟನೆ. ಹಿರಿಯ ಲೇಖಕ ಜುನ್‌ಇಚಿರೊ ತನಿಜಾಕಿ 1943ರ ಜನವರಿಯಲ್ಲಿ ‘ಚೂಓ ಕೋರೊನ್’ ಪತ್ರಿಕೆಯಲ್ಲಿ ಒಂದು ಧಾರಾವಾಹಿ ಶುರು ಮಾಡಿದರು. ಇಂಗ್ಲಿಷಿನಲ್ಲಿ ಇದು ‘ದಿ ಮಕಿಯೋಕಾ ಸಿಸ್ಟರ್ಸ್’. ಒಸಾಕಾದ ಹಳೇ ವ್ಯಾಪಾರಸ್ಥರ ಮನೆತನದ ನಾಲ್ವರು ಅಕ್ಕತಂಗಿಯರು. ಮೂರನೆಯವಳಿಗೆ ಗಂಡು ಹುಡುಕುವುದು, ವಸಂತದಲ್ಲಿ ಚೆರ್ರಿ ಹೂವು ನೋಡಲು ಕ್ಯೋಟೋಗೆ ಹೋಗುವುದು, ಸೀರೆ ಆರಿಸುವ ಹಾಗೆ ಕಿಮೊನೊ ಆರಿಸುವುದು. ನಮ್ಮ ಮನೆಗಳಲ್ಲಿ ಜಾತಕ ಕೈಯಲ್ಲಿ ಹಿಡಿದು ಅಲೆದ ಹಿರಿಯರಿಗೆ ಈ ಕಥೆ ಒಂದಿಷ್ಟೂ ಹೊಸದಲ್ಲ.

ಎರಡು ಕಂತು ಬರುವುದರೊಳಗೆ ಸೈನ್ಯದವರ ಕಣ್ಣು ಕೆಂಪಾಯಿತು. ದೇಶ ಯುದ್ಧದಲ್ಲಿರುವಾಗ ಹೆಂಗಸರ ಮೃದು ಬದುಕಿನ ಕಥೆಯೇ? ಧಾರಾವಾಹಿ ನಿಂತಿತು. ತನಿಜಾಕಿ ಮಾತ್ರ ನಿಲ್ಲಲಿಲ್ಲ. 1944ರಲ್ಲಿ ಮೊದಲ ಭಾಗದ 200 ಪ್ರತಿ ಸ್ವಂತಕ್ಕೆ ಅಚ್ಚು ಹಾಕಿಸಿ ಸ್ನೇಹಿತರಿಗೆ ಕೊಟ್ಟರು. ಬಾಂಬಿನ ನಡುವೆ ಬರೆಯುತ್ತಲೇ ಹೋದರು. ಕಾದಂಬರಿ ಮುಗಿದದ್ದು ಯುದ್ಧ ಮುಗಿದ ಮೇಲೆ, 1948ರಲ್ಲಿ.

ಇದನ್ನು ನೆನಪಿಟ್ಟುಕೊಳ್ಳಿ ಮಿತ್ರರೇ. ಮನೆ, ಊಟ, ಹೂವಿನ ಕಥೆ ಹಗುರವಾದದ್ದು, ಪಲಾಯನದ್ದು ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಆದರೆ ಅಂಥ ಕಥೆಯೊಂದು ಜನರ ಮನಸ್ಸನ್ನು ಯುದ್ಧದಿಂದ ಬೇರೆ ಕಡೆ ತಿರುಗಿಸೀತು ಎಂದು ಒಂದು ಸೈನ್ಯವೇ ಅಂಜಿತು.

ಯಾರು ಆರಿಸಿದ ಜಪಾನ್?

ಯುದ್ಧ ಮುಗಿಯಿತು. ಶತ್ರುವಿನ ಭಾಷೆ ಕಲಿತಿದ್ದ ಅಮೆರಿಕದ ಹುಡುಗರು ಅನುವಾದಕರಾದರು. ಕೀನ್ ಒಬ್ಬರು. ಇವೊ ಜಿಮಾದ ಯುದ್ಧಭೂಮಿ ಕಂಡಿದ್ದ ಎಡ್ವರ್ಡ್ ಸೈಡೆನ್‌ಸ್ಟಿಕರ್ ಮತ್ತೊಬ್ಬರು. ನ್ಯೂಯಾರ್ಕಿನ ನಾಫ್ ಪ್ರಕಾಶನದ ಸಂಪಾದಕ ಹೆರಾಲ್ಡ್ ಸ್ಟ್ರಾಸ್ 1955ರಿಂದ ಜಪಾನೀ ಕಾದಂಬರಿಗಳನ್ನು ಸಾಲಾಗಿ ತಂದರು. 1956ರಲ್ಲಿ ಯಸುನಾರಿ ಕವಾಬತಾ ಅವರ ‘ಸ್ನೋ ಕಂಟ್ರಿ’ ಬಂತು, 1957ರಲ್ಲಿ ಸೈನ್ಯ ತಡೆದಿದ್ದ ಆ ಮಕಿಯೋಕಾ ಅಕ್ಕತಂಗಿಯರೂ ಬಂದರು. ಎರಡರ ಅನುವಾದವೂ ಸೈಡೆನ್‌ಸ್ಟಿಕರ್ ಅವರದೇ. 1968ರಲ್ಲಿ ಕವಾಬತಾ ಅವರಿಗೆ ನೊಬೆಲ್. ಸಾಹಿತ್ಯಕ್ಕೆ ಜಪಾನಿಗೆ ಬಂದ ಮೊದಲ ನೊಬೆಲ್ ಅದು.

ಇಲ್ಲಿ ಒಂದು ಸೂಕ್ಷ್ಮವಿದೆ. ಜಪಾನಿನಲ್ಲಿ ಆಗ ಎಲ್ಲ ಬಗೆಯ ಬರಹವೂ ಇತ್ತು. ಕಾರ್ಮಿಕರ ಕಥೆ, ಯುದ್ಧದ ಕ್ರೌರ್ಯದ ಕಥೆ, ಅಣುಬಾಂಬಿನ ಕಥೆ, ನಗೆಬರಹ ಎಲ್ಲವೂ. ಆದರೆ ಪಶ್ಚಿಮದ ಓದುಗರ ಮುಂದೆ ಹೆಚ್ಚಾಗಿ ಬಂದದ್ದು ಹಿಮ, ಚಹಾ, ಮೌನ, ಕಳೆದುಹೋದ ಚೆಲುವು. ನಿನ್ನೆಯವರೆಗೆ ಭಯಂಕರ ಶತ್ರುವಾಗಿದ್ದ ದೇಶ ಈಗ ಮಿತ್ರನಾಗಬೇಕಿತ್ತು. ಆ ಮಿತ್ರನಿಗೆ ಮೃದುವಾದ ಒಂದು ಮುಖ ಬೇಕಿತ್ತು. ಪುಸ್ತಕಗಳು ಕೆಟ್ಟವಲ್ಲ, ಅವು ಮೇರು ಕೃತಿಗಳೇ. ಆದರೆ ಆಯ್ಕೆ ಮಾಡಿದವರ ಅಗತ್ಯವೂ ಆ ಆಯ್ಕೆಯಲ್ಲಿ ಸೇರಿತ್ತು. ಇಂದಿನ ಬೆಕ್ಕಿನ ಮುಖಪುಟ ನೋಡುವಾಗಲೂ ಈ ಮಾತು ನೆನಪಿರಬೇಕು. ಕಥೆಯಲ್ಲಿ ಬೆಕ್ಕಿಗೆ ಹೇಳಿಕೊಳ್ಳುವಂಥ ಪಾತ್ರವಿಲ್ಲದಿದ್ದರೂ ಇಂಗ್ಲಿಷ್ ಮುಖಪುಟದ ಮೇಲೆ ಬೆಕ್ಕು ಕೂತಿರುವುದುಂಟು. ಮಾರಾಟಕ್ಕೆ ಅದೂ ಒಂದು ಮುಖ.

ಬೆಕ್ಕಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಜಪಾನೀ ಸಾಹಿತ್ಯದ ಅತಿ ಪ್ರಸಿದ್ಧ ಬೆಕ್ಕು ಸಮಾಧಾನ ಹೇಳುವ ಬೆಕ್ಕೇ ಅಲ್ಲ. 1905ರಲ್ಲಿ ನಾತ್ಸುಮೆ ಸೋಸೆಕಿ ಬರೆಯಲಾರಂಭಿಸಿದ ‘ನಾನೊಂದು ಬೆಕ್ಕು’ ಕಾದಂಬರಿಯ ಆ ಹೆಸರಿಲ್ಲದ ಬೆಕ್ಕು, ಯಜಮಾನನನ್ನೂ ಅವನ ಪಂಡಿತ ಸ್ನೇಹಿತರನ್ನೂ ಸಾಲಾಗಿ ಗೇಲಿ ಮಾಡುತ್ತದೆ!

ಗಾಯವಾದ ಮೇಲೆ ಬಂದ ಮಾತು

ಈಗಿನ ಸಮಾಧಾನದ ಕಥೆಗಳ ಬೇರು ಇನ್ನೂ ಹತ್ತಿರದ್ದು. 1989ರ ಡಿಸೆಂಬರ್‌ನಲ್ಲಿ ಜಪಾನಿನ ಷೇರು ಸೂಚ್ಯಂಕ ನಿಕೈ 38,900 ದಾಟಿ ಶಿಖರ ಮುಟ್ಟಿತು. ಮರುವರ್ಷವೇ ಕುಸಿಯತೊಡಗಿತು. ಅದೇ ಎತ್ತರವನ್ನು ಮತ್ತೆ ದಾಟಲು 2024ರ ಫೆಬ್ರವರಿಯವರೆಗೆ, ಅಂದರೆ 34 ವರ್ಷ ಬೇಕಾಯಿತು. ಕಂಪನಿಗೆ ಸೇರಿದರೆ ನಿವೃತ್ತಿಯವರೆಗೆ ಚಿಂತೆಯಿಲ್ಲ ಎಂದು ನಂಬಿದ್ದ ಸಮಾಜದ ಕಾಲ ಕೆಳಗಿನ ನೆಲ ಜಾರಿತು. 1995ರ ಜನವರಿ 17ರಂದು ನೆಲವೇ ನಡುಗಿತು. ಕೋಬೆ ಭೂಕಂಪದಲ್ಲಿ 6,400ಕ್ಕೂ ಹೆಚ್ಚು ಜನ ಸತ್ತರು. ಎರಡು ತಿಂಗಳಲ್ಲಿ, ಮಾರ್ಚ್ 20ರಂದು, ಟೋಕಿಯೋದ ಸುರಂಗ ರೈಲಿನಲ್ಲಿ ಒಂದು ಪಂಥದವರು ವಿಷಾನಿಲ ಬಿಟ್ಟರು. ಆಫೀಸಿಗೆ ಹೊರಟಿದ್ದ ಸಾವಿರಾರು ಜನ ಅಸ್ವಸ್ಥರಾದರು. ದಿನವೂ ಲೋಕಲ್‌ನಲ್ಲೋ ಮೆಟ್ರೋದಲ್ಲೋ ಓಡಾಡುವ ನಿಮಗೆ ಆ ಭಯವನ್ನು ವಿವರಿಸಬೇಕಿಲ್ಲ.

ಆ ವರ್ಷಗಳಲ್ಲಿ ಒಂದು ಪದ ಜಪಾನಿನ ಬಾಯಿಂದ ಬಾಯಿಗೆ ಹರಿಯಿತು. ‘ಇಯಾಶಿ’. ಗಾಯ ಮಾಯುವುದು ಎಂದು ಅರ್ಥ. 1999ರಲ್ಲಿ ಆ ದೇಶದ ವರ್ಷದ ಜನಪ್ರಿಯ ಪದಗಳ ಪಟ್ಟಿಯಲ್ಲಿ ಅದೂ ಸೇರಿತು. ಇಯಾಶಿ ಸಂಗೀತ, ಇಯಾಶಿ ಚಿತ್ರಕಥೆ, ಕೊನೆಗೆ ಇಯಾಶಿ ಕಾದಂಬರಿ.

ಇದಕ್ಕೆ ದಾರಿ ಮಾಡಿಕೊಟ್ಟವರು ಬನಾನಾ ಯೋಶಿಮೊಟೊ. ಅವರ ‘ಕಿಚನ್’ 1988ರಲ್ಲಿ ಬಂತು. ಇದ್ದೊಬ್ಬ ಅಜ್ಜಿಯನ್ನೂ ಕಳೆದುಕೊಂಡ ಹುಡುಗಿ ಅಡುಗೆಮನೆಯಲ್ಲಿ, ಫ್ರಿಜ್ಜಿನ ಪಕ್ಕ ಮಲಗುತ್ತಾಳೆ. ಅದರ ಸದ್ದೇ ಅವಳಿಗೆ ಜೊತೆ. ಮುಂದೆ ಒಂದು ರಾತ್ರಿ, ಅವಳಂತೆಯೇ ನೊಂದ ಸ್ನೇಹಿತನಿಗಾಗಿ ಬಿಸಿ ಊಟ ಕಟ್ಟಿಸಿಕೊಂಡು ಟ್ಯಾಕ್ಸಿಯಲ್ಲಿ ದೂರದ ಊರಿಗೆ ಹೋಗುತ್ತಾಳೆ. 1991ರಲ್ಲಿ ಇಟಾಲಿಯನ್‌ಗೆ, 1993ರಲ್ಲಿ ಇಂಗ್ಲಿಷ್‌ಗೆ ಬಂದ ಈ ಪುಸ್ತಕವನ್ನು ಪಶ್ಚಿಮದ ಯುವಕರು ಎದೆಗವಚಿಕೊಂಡರು.

ರೇಡಿಯೋದಿಂದ ಹುಟ್ಟಿದ ಕಾದಂಬರಿ

ನಾವು ನೀವು ರೇಡಿಯೋದವರಾದ್ದರಿಂದ ಇದನ್ನು ಹೇಳಲೇಬೇಕು. ಈ ಬಗೆಯ ಕಥೆಗಳಲ್ಲಿ ಅತ್ಯಂತ ಗಟ್ಟಿಯಾದ ಒಂದು ಕಾದಂಬರಿಯ ಮೂಲ ಮಧ್ಯರಾತ್ರಿಯ ರೇಡಿಯೋ ಕಾರ್ಯಕ್ರಮ. ಕವಿ ಡುರಿಯನ್ ಸುಕೆಗಾವಾ 1990ರ ದಶಕದಲ್ಲಿ ಹದಿಹರೆಯದವರಿಗಾಗಿ ಅಂಥದೊಂದು ಕಾರ್ಯಕ್ರಮ ನಡೆಸುತ್ತಿದ್ದರು. ಬದುಕಿಗೆ ಅರ್ಥವೇನು ಎಂದು ಕೇಳಿದರೆ, ಸಮಾಜಕ್ಕೆ ಉಪಯೋಗವಾಗದಿದ್ದರೆ ಬದುಕಿ ಫಲವಿಲ್ಲ ಎಂದು ಹುಡುಗರು ಉತ್ತರ ಕೊಡುತ್ತಿದ್ದರು. ಒಳ್ಳೆಯ ಮಾತೇ. ಆದರೆ ಸುಕೆಗಾವಾ ಅವರಿಗೆ ಕಸಿವಿಸಿಯಾಯಿತು. ಹಾಗಾದರೆ ಹುಟ್ಟಿ ಎರಡೇ ವರ್ಷಕ್ಕೆ ತೀರಿಕೊಂಡ ಮಗು? ಸಮಾಜವೇ ಗೋಡೆಯ ಆಚೆ ಕೂಡಿಹಾಕಿದ ರೋಗಿ?

ಜಪಾನಿನಲ್ಲಿ ಕುಷ್ಠರೋಗಿಗಳನ್ನು ಪ್ರತ್ಯೇಕವಾಗಿಡುವ ಕಾನೂನು 1907ರಿಂದ ಇತ್ತು. 1931ರಿಂದ ಅದು ಎಲ್ಲ ರೋಗಿಗಳಿಗೂ ಕಡ್ಡಾಯವಾಯಿತು. ಔಷಧಿ ಬಂದು, ರೋಗ ವಾಸಿಯಾಗುವಂತಾದ ಮೇಲೂ ದಶಕಗಳ ಕಾಲ ಕಾನೂನು ಹಾಗೇ ಉಳಿಯಿತು. ರದ್ದಾದದ್ದು 1996ರಲ್ಲಿ! ಅಷ್ಟರಲ್ಲಿ ಅನೇಕರಿಗೆ ಹಿಂದಿರುಗಲು ಮನೆಯಿರಲಿಲ್ಲ. 2001ರಲ್ಲಿ ಕುಮಾಮೊಟೊ ನ್ಯಾಯಾಲಯ ಸರ್ಕಾರದ್ದು ತಪ್ಪು ಎಂದು ತೀರ್ಪು ಕೊಟ್ಟಿತು.

ಈ ಎಲ್ಲದರಿಂದ 2013ರಲ್ಲಿ ‘ಅನ್’ ಎಂಬ ಕಾದಂಬರಿ ಬಂತು. 2017ರ ಇಂಗ್ಲಿಷ್ ಅನುವಾದದ ಹೆಸರು ‘ಸ್ವೀಟ್ ಬೀನ್ ಪೇಸ್ಟ್’. ನಮ್ಮ ಹೋಳಿಗೆಯ ಹೂರಣದ ಹಾಗೆ ಕಾಳು ಬೇಯಿಸಿ ಸಕ್ಕರೆ ಸೇರಿಸಿ ಮಾಡುವ ಹೂರಣ ಅದು. ಸಣ್ಣ ಸಿಹಿ ಅಂಗಡಿಗೆ 76 ವರ್ಷದ ಅಜ್ಜಿಯೊಬ್ಬಳು ಕೆಲಸ ಕೇಳಿಕೊಂಡು ಬರುತ್ತಾಳೆ. ಅವಳ ಬೆರಳುಗಳು ಸೊಟ್ಟಗಿವೆ. ಅವಳು ಮಾಡಿದ ಹೂರಣಕ್ಕೆ ಜನ ಸಾಲು ನಿಲ್ಲುತ್ತಾರೆ. ಬೆರಳಿನ ಗುಟ್ಟು ತಿಳಿದ ದಿನ ಸಾಲು ಕರಗುತ್ತದೆ. 2015ರಲ್ಲಿ ನವೋಮಿ ಕವಾಸೆ ಇದನ್ನು ಸಿನಿಮಾ ಮಾಡಿದರು, ಕಾನ್ ಉತ್ಸವದಲ್ಲಿ ಅದು ತೆರೆ ಕಂಡಿತು. ಮುಖಪುಟ ನೋಡಿ ಚೆರ್ರಿ ಹೂವಿನ ಸಿಹಿ ಕಥೆ ಎಂದು ಕೊಂಡವರ ಕೈಗೆ ಒಂದು ದೇಶದ ಅಪರಾಧದ ಚರಿತ್ರೆ ಸಿಗುತ್ತದೆ.

ತಣ್ಣಗಾಗುವ ಮುನ್ನ

ಉಳಿದವುಗಳ ಕಥೆಯೂ ಹೆಚ್ಚುಕಮ್ಮಿ ಹೀಗೆಯೇ. ತೊಶಿಕಾಜು ಕವಾಗುಚಿ ಅವರ ‘ಬಿಫೋರ್ ದ ಕಾಫಿ ಗೆಟ್ಸ್ ಕೋಲ್ಡ್’ ಮೊದಲು ನಾಟಕವಾಗಿತ್ತು, 2015ರಲ್ಲಿ ಕಾದಂಬರಿಯಾಯಿತು. ಟೋಕಿಯೋದ ಒಂದು ನೆಲಮಾಳಿಗೆ ಕಾಫಿ ಅಂಗಡಿ. ಅಲ್ಲಿನ ಒಂದು ಕುರ್ಚಿಯಲ್ಲಿ ಕೂತರೆ ಕಳೆದ ಕಾಲಕ್ಕೆ ಹೋಗಬಹುದು. ಆದರೆ ಏನು ಮಾಡಿದರೂ ಈಗಿನದು ಬದಲಾಗುವುದಿಲ್ಲ. ಕಾಫಿ ತಣ್ಣಗಾಗುವುದರೊಳಗೆ ಹಿಂದಿರುಗಬೇಕು. ಮರೆವಿನ ರೋಗದಿಂದ ಗಂಡ ತನ್ನನ್ನೇ ಗುರುತಿಸದಂತಾದ ಹೆಂಡತಿಯೊಬ್ಬಳು ಆ ಕುರ್ಚಿಯಲ್ಲಿ ಕೂರುತ್ತಾಳೆ. ರೋಗ ವಾಸಿಯಾಗುವುದಿಲ್ಲ, ಒಂದು ಪತ್ರ ಮಾತ್ರ ಕೈಗೆ ಬರುತ್ತದೆ. ಇಂಗ್ಲಿಷ್ ಅನುವಾದ ಬಂದದ್ದು 2019ರಲ್ಲಿ. ಕೆಲವೇ ತಿಂಗಳಿಗೆ ಕೋವಿಡ್ ಬಂತು, ಲೋಕದ ಕಾಫಿ ಅಂಗಡಿಗಳೆಲ್ಲ ಬಾಗಿಲು ಹಾಕಿದವು. ಕೊನೆಯ ಮಾತು ಆಡಲಾಗದೆ ಆಪ್ತರನ್ನು ಕಳೆದುಕೊಂಡವರು ಎಲ್ಲ ದೇಶಗಳಲ್ಲೂ ಇದ್ದರು. ಆ ಕುರ್ಚಿ ಯಾರಿಗೆ ಬೇಡ ಹೇಳಿ?

ಸಾತೋಶಿ ಯಾಗಿಸಾವಾ ಅವರ ‘ಡೇಸ್ ಅಟ್ ದ ಮೊರಿಸಾಕಿ ಬುಕ್‌ಶಾಪ್’ ಜಪಾನಿನಲ್ಲಿ ಬಂದದ್ದು 2010ರಲ್ಲಿ, ಇಂಗ್ಲಿಷಿಗೆ 2023ರಲ್ಲಿ. ಪ್ರೀತಿಸಿದವನು ಬೇರೆಯವಳನ್ನು ಮದುವೆಯಾಗುತ್ತೇನೆಂದಾಗ ಕೆಲಸ ಬಿಟ್ಟು ಬಂದ ಹುಡುಗಿಗೆ, ಜಿಂಬೊಚೊದಲ್ಲಿ ಹಳೆ ಪುಸ್ತಕದಂಗಡಿ ಇಟ್ಟುಕೊಂಡಿರುವ ಮಾವ ಮಹಡಿಯ ಕೋಣೆ ಕೊಡುತ್ತಾನೆ. ಜಿಂಬೊಚೊ ನಿಜವಾದ ಬೀದಿ. ನೂರಕ್ಕೂ ಹೆಚ್ಚು ಹಳೆ ಪುಸ್ತಕದಂಗಡಿಗಳಿವೆ. 1913ರಲ್ಲಿ ಶಿಗೆಒ ಇವಾನಾಮಿ ಅಲ್ಲಿ ತೆರೆದ ಹಳೆ ಪುಸ್ತಕದಂಗಡಿಯೇ ಮುಂದೆ ಜಪಾನಿನ ದೊಡ್ಡ ಪ್ರಕಾಶನ ಸಂಸ್ಥೆಗಳಲ್ಲಿ ಒಂದಾಯಿತು.

ಕನ್ನಡಿಗರಾದ ನಮಗೆ ಈ ಬಳಗದ ಪರಿಚಯ ಹೊಸದೇನಲ್ಲ. ಕಾದಂಬರಿಯಲ್ಲ, ನೆನಪುಗಳ ಪುಸ್ತಕ. ಆದರೆ ‘ತೊತ್ತೋಚಾನ್’ ನಮ್ಮ ಎಷ್ಟೋ ಮೇಷ್ಟರ, ತಾಯಂದಿರ ಕೈಯಲ್ಲಿತ್ತು. ತೆತ್ಸುಕೊ ಕುರೊಯಾನಾಗಿ 1981ರಲ್ಲಿ ಬರೆದ ಇದನ್ನು ನ್ಯಾಷನಲ್ ಬುಕ್ ಟ್ರಸ್ಟ್ ಕನ್ನಡದಲ್ಲೂ ತಂದಿದೆ. ಮೊದಲ ಶಾಲೆ ಹೊರಹಾಕಿದ ಹುಡುಗಿಯ ಮಾತನ್ನು ಕೊಬಾಯಾಶಿ ಮೇಷ್ಟರು ನಾಲ್ಕು ಗಂಟೆ ಕೂತು ಕೇಳಿದ್ದು, ರೈಲು ಬೋಗಿಗಳೇ ತರಗತಿಗಳಾದದ್ದು ನಮಗೆಲ್ಲ ನೆನಪು. ಆ ಶಾಲೆ 1945ರ ವಿಮಾನ ದಾಳಿಯಲ್ಲಿ ಸುಟ್ಟುಹೋದದ್ದು ಕೊನೆಯ ಪುಟಗಳಲ್ಲಿ ಬರುತ್ತದೆ. ಉರಿಯುವ ಶಾಲೆಯನ್ನು ನೋಡುತ್ತಾ ಮೇಷ್ಟರು, ಮುಂದೆ ಎಂಥ ಶಾಲೆ ಕಟ್ಟೋಣ ಎಂದು ಮಗನನ್ನು ಕೇಳುತ್ತಾರೆ.

ಇಷ್ಟಾದ ಮೇಲೆ ಆಕ್ಷೇಪಣೆಗೂ ಜಾಗ ಕೊಡಬೇಕು. ಬೇಡಿಕೆ ಹೆಚ್ಚಿದಂತೆ ಒಂದೇ ಅಚ್ಚಿನ ಪುಸ್ತಕಗಳು ಸಾಲುಗಟ್ಟಿವೆ. ಅಂಗಡಿ ಬದಲಾಗುತ್ತದೆ, ತಿಂಡಿ ಬದಲಾಗುತ್ತದೆ, ಕಥೆ ಬದಲಾಗುವುದಿಲ್ಲ. ಮತ್ತೊಂದು ನಷ್ಟವೂ ಇದೆ. 1994ರಲ್ಲಿ ನೊಬೆಲ್ ಪಡೆದ ಕೆಂಜಾಬುರೊ ಓಯೆ ಅವರಂಥ ಒರಟು, ಕಷ್ಟದ ಲೇಖಕರು ಆ ಕಪಾಟಿನಲ್ಲಿ ಹಿಂದಕ್ಕೆ ಸರಿಯುತ್ತಾರೆ. ಒಂದು ದೇಶದವರೆಲ್ಲ ಕಾಫಿ ಕುಡಿದು ಬೆಕ್ಕು ಸವರಿ ಸುಖವಾಗಿದ್ದಾರೆ ಎಂದು ನಂಬಿದರೆ, ಆ ಕಥೆ ಬರೆಯಲು ಕಾರಣವಾದ ನೋವನ್ನೇ ಮರೆತಂತೆ. ಒಂಟಿ ಕೋಣೆ, ಮುಗಿಯದ ಆಫೀಸು, ಮಾತಾಡಲು ಯಾರೂ ಇಲ್ಲದ ಸಂಜೆ ಆ ಊರಿನಲ್ಲಿ ಇರುವುದರಿಂದಲೇ ಆ ಪುಸ್ತಕದಂಗಡಿಯ ಕಥೆ ಬೇಕಾಯಿತು. ಪುಣೆಯಲ್ಲೋ ದಿಲ್ಲಿಯಲ್ಲೋ ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ ಕೂತು, ವಾರಕ್ಕೊಮ್ಮೆ ಕನ್ನಡ ಕೇಳಲು ರೇಡಿಯೋ ಹಚ್ಚುವ ನಮ್ಮ ಹುಡುಗ ಹುಡುಗಿಯರಿಗೆ ಇದು ಬೇಗ ಅರ್ಥವಾಗುತ್ತದೆ.

ಕೀನ್ ಅವರ ಮುಂದಿನ ಕಥೆಯನ್ನೂ ಹೇಳಿಬಿಡುತ್ತೇನೆ. ಅವರು ಕೊಲಂಬಿಯಾದಲ್ಲಿ ದಶಕಗಳ ಕಾಲ ಜಪಾನೀ ಸಾಹಿತ್ಯ ಕಲಿಸಿದರು, ಹತ್ತಾರು ಪುಸ್ತಕ ಬರೆದರು, ಅನುವಾದಿಸಿದರು. 2011ರ ಮಾರ್ಚ್ 11ರಂದು ಜಪಾನಿನಲ್ಲಿ ಭೂಕಂಪ, ಸುನಾಮಿ, ಅಣುಸ್ಥಾವರ ದುರಂತ ಒಟ್ಟಿಗೇ ಬಂದವು. ಪರದೇಶದವರು ಅನೇಕರು ಆ ದೇಶ ಬಿಟ್ಟು ಹೊರಟರು. ಕೀನ್ ಮಾತ್ರ ಅಲ್ಲಿಯೇ ನೆಲೆಸಲು ತೀರ್ಮಾನಿಸಿ, 2012ರಲ್ಲಿ, ತಮ್ಮ 89ನೆಯ ವಯಸ್ಸಿನಲ್ಲಿ ಜಪಾನಿನ ಪೌರತ್ವ ಪಡೆದರು. ತನಗೆ ಆಸರೆ ಕೊಟ್ಟ ನೆಲದ ಕಷ್ಟಕಾಲದಲ್ಲಿ ಅದರ ಜೊತೆಗೆ ಇರಬೇಕೆಂಬುದು ಅವರ ಆಸೆ. 2019ರಲ್ಲಿ, 96ನೆಯ ವಯಸ್ಸಿನಲ್ಲಿ, ಟೋಕಿಯೋದಲ್ಲಿಯೇ ತೀರಿಕೊಂಡರು.

ಆದ್ದರಿಂದ ಮಗಳ ಕೈಯಲ್ಲಿ ಬೆಕ್ಕಿನ ಪುಸ್ತಕ ಕಂಡರೆ ನಗಬೇಡಿ. ಅವಳು ಓದಿ ಮುಗಿಸಿದ ಮೇಲೆ ನೀವೂ ಒಮ್ಮೆ ಓದಿ. ಒಳಪುಟದಲ್ಲಿ ಅನುವಾದಕರ ಹೆಸರೇನೆಂದು ನೋಡಿ. ಆ ಅಂಗಡಿಗೆ ಬಂದವರೆಲ್ಲ ಏನನ್ನು ಕಳೆದುಕೊಂಡು ಬಂದರು ಎಂದು ಅವಳನ್ನು ಕೇಳಿ. ಮಾತು ಅಲ್ಲಿಂದ ಶುರುವಾಗಲಿ. ಇಬ್ಬರಿಗೂ ಕಾಫಿ ನೀವೇ ಮಾಡಿ, ತಣ್ಣಗಾಗುವ ಮುನ್ನ ಕುಡಿಯಿರಿ.